ಚಿನ್ನದ ಕೋಟೆ ಹುಡುಕಿಕೊಂಡು

ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುವುದು ಬಹಳ ಪೇಚಿನ ಕೆಲಸ. ಪ್ರವಾಸದ ಬಗ್ಗೆ ಬರೆದರೆ ಊರು ತಲುಪಿದ್ದನ್ನು ಹೇಳಬಹುದು, ಅಡುಗೆಯ ಬಗ್ಗೆ ಬರೆದರೆ ರುಚಿ ಹೇಗಿತ್ತೆಂದು ಹೇಳಬಹುದು. ಇಲ್ಲಿ ಕೊನೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಬೇಕು. ತಪ್ಪಿ ಬಾಯಿ ಬಿಟ್ಟೆನೋ, ಮುಂದಿನ ವಾರ ಮಕ್ಕಳ ಬೈಗುಳದ ಕಾಗದಗಳು ಬಂದು ಬೀಳುತ್ತವೆ. ಅದಕ್ಕೇ ಮೊದಲೇ ಮಾತು ಕೊಡುತ್ತೇನೆ: ಕಳ್ಳ ಯಾರೆಂಬುದು ಈ ಪುಟದಲ್ಲಿ ಸಿಗುವುದಿಲ್ಲ. ಅಜ್ಜ ಅಜ್ಜಿಯರೇ, ಗೊತ್ತಿದ್ದರೆ ನೀವೂ ಬಾಯಿ ಬಿಡಬೇಡಿ.

ಪುಸ್ತಕದ ಹೆಸರು ‘ಸೋನಾರ್ ಕೆಲ್ಲಾ’. ಬಂಗಾಳಿ ಮಾತು, ಚಿನ್ನದ ಕೋಟೆ ಎಂದರ್ಥ. ಬರೆದವರು ಸತ್ಯಜಿತ್ ರೇ, 1971ರಲ್ಲಿ. ಸಿನಿಮಾ ನಿರ್ದೇಶಕರೆಂದು ಜಗತ್ತೆಲ್ಲ ಬಲ್ಲ ಅವರೇ. ನಮ್ಮ ಮನೆಯಲ್ಲಿರುವುದು ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ. ನನ್ನ ಮೊಮ್ಮಗಳು, ಆರನೇ ಕ್ಲಾಸಿನ ಪುಟ್ಟಿ, ಗಟ್ಟಿಯಾಗಿ ಓದುತ್ತಾಳೆ. ನಾನು ಅವರೆಕಾಯಿ ಸುಲಿಯುತ್ತಾ ಕೇಳುತ್ತೇನೆ. ನಡುನಡುವೆ ಅವಳಿಗೆ ಕಷ್ಟವಾದ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಹೀಗೆ ಹನ್ನೊಂದು ಸಂಜೆ ನಡೆಯಿತು.

ಕಥೆ ಶುರುವಾಗುವುದು ಕಲ್ಕತ್ತಾದಲ್ಲಿ. ಮುಕುಲ್ ಎಂಬ ಪುಟ್ಟ ಹುಡುಗ. ಅವನ ಅಪ್ಪನಿಗೆ ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕದ ಅಂಗಡಿ. ಹುಡುಗ ಇದ್ದಕ್ಕಿದ್ದಂತೆ ತನ್ನ ಹಿಂದಿನ ಜನ್ಮದ ಮಾತಾಡತೊಡಗುತ್ತಾನೆ: ಅಲ್ಲಿ ಮರಳಿತ್ತು, ಒಂಟೆಗಳಿದ್ದವು, ನವಿಲುಗಳಿದ್ದವು, ಚಿನ್ನದ ಕೋಟೆಯಿತ್ತು. ಯಾರೂ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವರಲ್ಲ. ಇಂಥ ವಿಚಿತ್ರಗಳನ್ನು ಅಧ್ಯಯನ ಮಾಡುವ ಡಾಕ್ಟರೊಬ್ಬರು ಹುಡುಗನನ್ನು ಕರೆದುಕೊಂಡು ರಾಜಸ್ಥಾನಕ್ಕೆ ಹೊರಡುತ್ತಾರೆ. ಅಷ್ಟರಲ್ಲಿ ಸುದ್ದಿ ಪೇಪರಿನಲ್ಲಿ ಬಂದುಬಿಟ್ಟಿರುತ್ತದೆ, ನಿಧಿಯ ಮಾತು ಸಮೇತ. ಡಾಕ್ಟರು ಹೊರಟ ಮೇಲೆ ಅದೇ ಬೀದಿಯಲ್ಲಿ ಮುಕುಲ್ ಎಂಬ ಹೆಸರಿನದೇ ಇನ್ನೊಬ್ಬ ಹುಡುಗನನ್ನು ಯಾರೋ ಎತ್ತಿಕೊಂಡು ಹೋಗಿ, ತಾವು ಹುಡುಕುತ್ತಿದ್ದ ಹುಡುಗ ಇವನಲ್ಲವೆಂದು ತಿಳಿದು ಬಿಟ್ಟುಬಿಡುತ್ತಾರೆ. ಅಪ್ಪನ ಎದೆ ಧಸಕ್ಕೆನ್ನುತ್ತದೆ. ಓಡೋಡಿ ಬರುವುದು ಫೆಲುದಾನ ಮನೆಗೆ.

ಫೆಲುದಾ ಯಾರು ಅಂದಿರಾ? ಪೂರ್ತಿ ಹೆಸರು ಪ್ರದೋಷ್ ಚಂದ್ರ ಮಿತ್ತರ್. ಮನೆಯ ಹೆಸರು ಫೆಲು. ಬಂಗಾಳಿಯಲ್ಲಿ ‘ದಾ’ ಎಂದರೆ ದಾದಾ, ನಮ್ಮ ‘ಅಣ್ಣ’ ಇದ್ದ ಹಾಗೆ. ಅವನನ್ನು ಹಾಗೆ ಕರೆಯುವವನು ತೋಪ್ಶೆ, ಚಿಕ್ಕಪ್ಪನ ಮಗ, ಹೈಸ್ಕೂಲು ಹುಡುಗ. ಕಥೆಗಳನ್ನೆಲ್ಲ ನಮಗೆ ಹೇಳುವವನೂ ಅವನೇ. ಫೆಲುದಾ 9 ವರ್ಷದವನಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ತೋಪ್ಶೆಯ ಮನೆಯಲ್ಲಿ ಬೆಳೆದವನು. ಷರ್ಲಾಕ್ ಹೋಮ್ಸ್ ಅವನ ಮಾನಸ ಗುರು. ಮುಂದೊಂದು ಕಥೆಯಲ್ಲಿ ಲಂಡನ್ನಿಗೆ ಹೋದಾಗ ಬೇಕರ್ ಸ್ಟ್ರೀಟಿನಲ್ಲಿ ನಿಂತು ಗುರುವಿಗೆ ನಮಸ್ಕಾರ ಹೇಳುತ್ತಾನೆ. ಸಿಗರೇಟು ಸೇದುತ್ತಾನೆ, ಅದೂ ಚಾರ್ಮಿನಾರ್. ಈ ಒಂದು ವಿಷಯದಲ್ಲಿ ಅವನನ್ನು ಅನುಕರಿಸಬೇಡಿ ಮಕ್ಕಳೇ ಅಂತ ಹೇಳಲು ಹೊರಟೆ. ಪುಟ್ಟಿಯೇ ಮೂಗು ಮುಚ್ಚಿಕೊಂಡು “ಥೂ” ಅಂದಳು.

ಈ ಸರಣಿ ಹುಟ್ಟಿದ ಬಗೆ ಅಜ್ಜಂದಿರಿಗೆ ಇಷ್ಟವಾಗಬೇಕು. ಸತ್ಯಜಿತ್ ರೇ ಅವರ ಅಜ್ಜ ಉಪೇಂದ್ರಕಿಶೋರ್ 1913ರಲ್ಲಿ ಮಕ್ಕಳಿಗಾಗಿ ‘ಸಂದೇಶ್’ ಎಂಬ ಪತ್ರಿಕೆ ಶುರು ಮಾಡಿದರು. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿಯೂ ಹೌದು, ಛೆನ್ನಾದಿಂದ ಮಾಡುವ ಸಿಹಿಯೂ ಹೌದು. ಮಕ್ಕಳ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರಿಟ್ಟಾರು! ಅಜ್ಜ ಹೋದ ಮೇಲೆ ಮಗ ಸುಕುಮಾರ್ ನಡೆಸಿದರು. ಅವರೂ 1923ರಲ್ಲಿ ತೀರಿಹೋದರು. ಆಗ ಸತ್ಯಜಿತ್‌ಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮುಂದೆ ಪತ್ರಿಕೆ ನಿಂತುಹೋಯಿತು. 1961ರಲ್ಲಿ, ಆ ಹೊತ್ತಿಗಾಗಲೇ ಜಗತ್ಪ್ರಸಿದ್ಧರಾಗಿದ್ದ ಮೊಮ್ಮಗ, ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ ಅದನ್ನು ಮತ್ತೆ ಹೊರತಂದರು. ಪತ್ರಿಕೆ ತಂದ ಮೇಲೆ ಪುಟ ತುಂಬಬೇಕಲ್ಲ? ತಾವೇ ಬರೆದರು, ತಾವೇ ಚಿತ್ರ ಬಿಡಿಸಿದರು. 1965ರ ಕೊನೆಗೆ ಡಾರ್ಜಿಲಿಂಗಿನಲ್ಲಿ ನಡೆಯುವ ಮೊದಲ ಫೆಲುದಾ ಕಥೆ ‘ಸಂದೇಶ್’ನಲ್ಲಿ ಬಂತು. ಮಕ್ಕಳು ಇನ್ನೊಂದು ಬೇಕೆಂದರು. 1992ರಲ್ಲಿ ರೇ ತೀರಿಕೊಳ್ಳುವ ಹೊತ್ತಿಗೆ ಪೂರ್ತಿಯಾದ ಕಥೆ ಕಾದಂಬರಿಗಳೇ 35. ಅಜ್ಜ ನೆಟ್ಟ ಗಿಡ ಒಣಗಿತ್ತು. ಮೊಮ್ಮಗ ಬಂದು ನೀರು ಹಾಕಿದ.

ಮಕ್ಕಳ ಪತ್ರಿಕೆಯಾದ್ದರಿಂದ ಪತ್ತೇದಾರಿ ಕಥೆಗೆ ಸಾಮಾನ್ಯವಾಗಿ ಬೇಕಾಗುವ ಖಾರ ಮಸಾಲೆಯನ್ನೆಲ್ಲ ದೂರ ಇಡಬೇಕಾಯಿತು. ಆ ಜಾಗದಲ್ಲಿ ರೇ ಏನು ಹಾಕಿದರು ಎನ್ನುವುದೇ ನನಗೆ ಬೆರಗು. ಊರುಗಳನ್ನು ಹಾಕಿದರು, ರೈಲುಗಳನ್ನು ಹಾಕಿದರು, ಲೋಕಜ್ಞಾನ ಹಾಕಿದರು. ಈ ಪುಸ್ತಕದ ಮೊದಲ ಪುಟದಲ್ಲೇ ಫೆಲುದಾ ಓದುತ್ತಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿ ರೇಖಾಗಣಿತದ ಬಗ್ಗೆ ಮಾತು ತೆಗೆಯುತ್ತಾನೆ. ಜೇಡರ ಬಲೆಯಿಂದ ಹಿಡಿದು ಎಲ್ಲೆಲ್ಲೂ ರೇಖಾಗಣಿತವೇ ಇದೆ ಅನ್ನುತ್ತಾನೆ. ಕೊಲೆಯಿಲ್ಲ, ಕಿರುಚಾಟವಿಲ್ಲ; ಪತ್ತೇದಾರಿ ಕಾದಂಬರಿ ಜೇಡರ ಬಲೆಯಿಂದ ಶುರು. ಪುಟ್ಟಿ ಅವತ್ತು ಸಂಜೆ ಓದು ನಿಲ್ಲಿಸಿ ಬಚ್ಚಲುಮನೆಯ ಕಿಟಕಿಯ ಬಲೆಯನ್ನು ನೋಡಲು ಹೋದವಳು ಬರಲೇ ಇಲ್ಲ. ಕಸಬರಿಗೆ ಹಿಡಿದು ನಿಂತಿದ್ದ ಅವರಮ್ಮನಿಗೂ ಅವಳಿಗೂ ದೊಡ್ಡ ವಾಗ್ವಾದವಾಯಿತೆಂದು ಆಮೇಲೆ ತಿಳಿಯಿತು.

ನಾನು ಈ ಕಥೆಯನ್ನು ಹಿಂದೆ ಒಮ್ಮೆ ಓದಿದ್ದೆ. ಕಳ್ಳ ಯಾರೆಂದು ಗೊತ್ತು. ಗೊತ್ತಿದ್ದೂ ಸುಮ್ಮನಿರುವುದು ಎಂಥ ಸಂಕಟವೆಂದು ಅನುಭವಿಸಿದವರಿಗೇ ಗೊತ್ತು. ಪುಟ್ಟಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಭಾಗದಲ್ಲಿ ‘ಅನುಮಾನ ಇರುವವರು’ ಎಂದು ಪಟ್ಟಿ ಮಾಡಿದಳು. ಪ್ರತಿ ಹೆಸರು ಬರೆಯುವಾಗಲೂ ನನ್ನ ಮುಖ ನೋಡುವಳು. ನಾನು ತಲೆ ಬಗ್ಗಿಸಿ ಅವರೆಕಾಯಿಯಲ್ಲಿ ಹುಳು ಹುಡುಕುವೆ. ನಮ್ಮ ಮನೆಯವರದು ಬೇರೆಯೇ ಜಾತಿ. ಯಾವ ಪುಸ್ತಕವಾದರೂ ಮೊದಲು ಕೊನೆಯ ಪುಟ ಓದುವವರು. ಅವರು ಆ ಕಡೆ ಬಂದರೆ ಸಾಕು, ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು “ತಾತಾ, ಹೋಗಿ!” ಎಂದು ಕೂಗುತ್ತಿದ್ದಳು.

ಎರಡನೇ ಸಲ ಓದುವುದರಲ್ಲಿ ಒಂದು ಸುಖವಿದೆ, ಮೊದಲ ಸಲ ಅದು ಸಿಗುವುದಿಲ್ಲ. ಬರೆದವನು ಎಲ್ಲೆಲ್ಲಿ ಪ್ರಾಮಾಣಿಕನಾಗಿದ್ದಾನೆ ಎಂದು ಕಾಣುತ್ತದೆ. ಒಳ್ಳೆಯ ಪತ್ತೇದಾರಿ ಕಥೆಗಾರ ಸುಳಿವನ್ನು ಬಚ್ಚಿಡುವುದಿಲ್ಲ. ಎದುರಿಗೇ ಇಟ್ಟು, ನಾವು ಬೇರೆ ಕಡೆ ನೋಡುವಂತೆ ಮಾಡುತ್ತಾನೆ. ಇಲ್ಲಿ ಇಂಗ್ಲಿಷಿನ ಒಂದೇ ಒಂದು ಅಕ್ಷರದಲ್ಲಿ ಒಂದು ಸುಳಿವಿದೆ. ಅಷ್ಟು ಮಾತ್ರ ಹೇಳಿದ್ದೇನೆ, ಕೊಟ್ಟ ಮಾತು ಮುರಿದಿಲ್ಲ. ಸ್ಪೆಲಿಂಗ್ ತಪ್ಪಿಗೆ ಅಂಕ ಕಳೆಯುವ ಮೇಷ್ಟ್ರುಗಳಿಗೆ ಇದು ತುಂಬಾ ಹಿಡಿಸುತ್ತದೆ.

ನಮ್ಮ ಕಾಲದಲ್ಲಿ ಪತ್ತೇದಾರಿ ಕಾದಂಬರಿ ಎಂದರೆ ಎನ್. ನರಸಿಂಹಯ್ಯನವರು, ಅವರ ಪತ್ತೇದಾರ ಪುರುಷೋತ್ತಮ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ತಂದು, ಸಮಾಜ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆವು. ಕನ್ನಡದ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ ಎಂದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. ದೊಡ್ಡವರು “ಅದೇನು ಹಾಳು ಓದು” ಎನ್ನುತ್ತಿದ್ದರು. ಓದುವ ಚಟ ಹತ್ತಿದ್ದು ಆ ಹಾಳು ಓದಿನಿಂದಲೇ. ಈಗ ನಾನು ಬಚ್ಚಿಡದೆ ಓದಬಹುದು, ವಯಸ್ಸಾದದ್ದರಿಂದ ಆದ ಲಾಭಗಳಲ್ಲಿ ಇದೊಂದು.

ಸೋನಾರ್ ಕೆಲ್ಲಾದ ನಿಜವಾದ ರತ್ನ ಲಾಲ್‌ಮೋಹನ್ ಗಂಗೂಲಿ. ಸರಣಿಯಲ್ಲಿ ಅವರು ಮೊದಲು ಕಾಣಿಸಿಕೊಳ್ಳುವುದೇ ಈ ಪುಸ್ತಕದಲ್ಲಿ, ರೈಲಿನಲ್ಲಿ. ಕುಳ್ಳ ದೇಹ, ಬೋಳು ತಲೆ, ಪುಕ್ಕಲು ಸ್ವಭಾವ. ಆದರೆ ಬರೆಯುವುದು ಮಾತ್ರ ಮೈ ಜುಮ್ಮೆನ್ನುವ ಸಾಹಸ ಕಾದಂಬರಿ. ಅವರ ನಾಯಕ ಪ್ರಖರ ರುದ್ರ ಆರೂವರೆ ಅಡಿ ಎತ್ತರ. ಕಾವ್ಯನಾಮ ‘ಜಟಾಯು’. ಸೀತಮ್ಮನಿಗಾಗಿ ರಾವಣನ ಮೇಲೆ ಬಿದ್ದ ಹಕ್ಕಿಯ ಹೆಸರು ಇಟ್ಟುಕೊಂಡವರು ಒಂಟೆ ಹತ್ತಲು ನಡುಗುತ್ತಾರೆ. ಫೆಲುದಾ ತೋಪ್ಶೆ ಇಬ್ಬರೂ ಬಂಗಾಳಿಗಳೆಂದು ತಿಳಿಯದೆ ಅವರ ಜೊತೆ ಹರಕುಮುರುಕು ಹಿಂದಿಯಲ್ಲಿ ಮಾತಾಡುವ ಪ್ರಸಂಗವಿದೆಯಲ್ಲ, ಅದನ್ನು ಓದುವಾಗ ಪುಟ್ಟಿಗೆ ನಗು ತಡೆಯಲಾಗದೆ ಎರಡು ಸಲ ಓದು ನಿಂತಿತು.

ಈ ಜಟಾಯು ತಮ್ಮ ಕಾದಂಬರಿಯಲ್ಲಿ ಒಂಟೆ ಹೊಟ್ಟೆಯಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ ಎಂದು ಬರೆದುಬಿಟ್ಟಿರುತ್ತಾರೆ. ಫೆಲುದಾ ತಿದ್ದುತ್ತಾನೆ: ನೀರಲ್ಲ, ಡುಬ್ಬದಲ್ಲಿರುವುದು ಕೊಬ್ಬು; ಆ ಕೊಬ್ಬು ಕರಗಿ ನೀರಾಗುತ್ತದೆ. ಪುಟ್ಟಿ ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಲೈಬ್ರರಿಯಲ್ಲಿ ಹುಡುಕಿ ಬಂದು, “ಅಜ್ಜೀ, ಫೆಲುದಾ ಹೇಳಿದ್ದೂ ಅರ್ಧ ಮಾತ್ರ” ಅಂದಳು. ಡುಬ್ಬ ಮುಖ್ಯವಾಗಿ ಆಹಾರದ ಉಗ್ರಾಣ. ಕೊಬ್ಬು ಕರಗಿದಾಗ ಒಂದಿಷ್ಟು ನೀರು ಹುಟ್ಟುವುದು ನಿಜ, ಆದರೆ ಅದಕ್ಕೆ ಬೇಕಾದ ಗಾಳಿ ಎಳೆದುಕೊಳ್ಳುವಾಗ ಉಸಿರಿನಲ್ಲಿ ನೀರು ಖರ್ಚೂ ಆಗುತ್ತದೆ. ಒಂಟೆಯ ನಿಜವಾದ ಜಾಣತನ ನೀರನ್ನು ಪೋಲು ಮಾಡದಿರುವುದರಲ್ಲಿದೆ. ಬಿಸಿಲಲ್ಲಿ ನಮ್ಮ ಹಾಗೆ ತಕ್ಷಣ ಬೆವರುವುದಿಲ್ಲ. ಮೈಯ ಬಿಸಿ ಬೆಳಗ್ಗೆ 34 ಡಿಗ್ರಿ ಸೆಲ್ಸಿಯಸ್ ಇದ್ದದ್ದು 40ರವರೆಗೆ ಏರಿದರೂ ತಡೆದುಕೊಳ್ಳುತ್ತದೆ. ಮೂತ್ರ ಬಹಳ ಗಟ್ಟಿ, ಲದ್ದಿ ಒಣಕಲು. ನೀರು ಸಿಕ್ಕಾಗ ಮಾತ್ರ ಒಂದೇ ಸಲಕ್ಕೆ 100 ಲೀಟರು ಕುಡಿದುಬಿಡುತ್ತದೆ. ಜಟಾಯುವನ್ನು ಫೆಲುದಾ ತಿದ್ದಿದ, ಫೆಲುದಾನನ್ನು ಆರನೇ ಕ್ಲಾಸಿನ ಹುಡುಗಿ ತಿದ್ದಿದಳು. ಎರಡು ದಿನ ನಮ್ಮ ಮನೆಯಲ್ಲಿ ಒಂಟೆಯದೇ ಮಾತು.

ಆ ಒಂಟೆ ಸವಾರಿಯ ಭಾಗ ಬಂದಾಗ ಮಾತ್ರ ತಮಾಷೆಯ ಒಳಗೇ ಎದೆ ಹೊಡೆದುಕೊಳ್ಳುತ್ತದೆ. ದಾರಿಯಲ್ಲಿ ಗಾಜಿನ ಚೂರುಗಳು, ಟೈರು ಪಂಕ್ಚರ್, ರಾಮದೇವ್ರಾ ಸ್ಟೇಷನ್ನಿಗೆ ಹೋಗಬೇಕು, ಸುತ್ತ ಮರಳು ಬಿಟ್ಟರೆ ಬೇರೇನಿಲ್ಲ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಮೇಲೆ ಕೂತವನು ಮೂತಿ ಮುಂದಾಗಿ ಜೋಲಿ ಹೊಡೆಯುತ್ತಾನೆ. ಜಟಾಯುವಿನ ಪಾಡು ನೀವೇ ಊಹಿಸಿ. 1974ರಲ್ಲಿ ರೇ ಇದನ್ನು ಸಿನಿಮಾ ಮಾಡಿದರು. ಸೌಮಿತ್ರ ಚಟರ್ಜಿ ಫೆಲುದಾ, ಸಂತೋಷ್ ದತ್ತ ಜಟಾಯು. ಒಂಟೆ ಮತ್ತು ರೈಲಿನ ಚಿತ್ರೀಕರಣದಲ್ಲಿ ಪಟ್ಟ ಪಾಡನ್ನು ಮಕ್ಕಳಿಗಾಗಿ ಬೇರೆಯಾಗಿಯೇ ಬರೆದಿದ್ದಾರೆ. ಸಂತೋಷ್ ದತ್ತ ಆ ಪಾತ್ರಕ್ಕೆ ಎಷ್ಟು ಒಗ್ಗಿಹೋದರೆಂದರೆ, ಆಮೇಲಿನ ಪುಸ್ತಕಗಳಲ್ಲಿ ರೇ ಬಿಡಿಸಿದ ಜಟಾಯುವಿನ ಚಿತ್ರಕ್ಕೆ ಅವರ ಮುಖವೇ ಬಂದುಬಿಟ್ಟಿತು.

ಎಲ್ಲವನ್ನೂ ಹೊಗಳಿ ಮುಗಿಸಿದರೆ ಪುಟ್ಟಿ ಒಪ್ಪುವುದಿಲ್ಲ. ಐದನೆಯ ಸಂಜೆಯೇ ಕೇಳಿದ್ದಳು: “ಅಜ್ಜೀ, ಇದ್ರಲ್ಲಿ ಹುಡುಗೀರೇ ಇಲ್ವಲ್ಲ?” ಇಲ್ಲ. ಇಡೀ ಸರಣಿಯಲ್ಲೇ ಹೆಂಗಸರು ಬಹಳ ಕಡಿಮೆ. ಮೂವರು ಗಂಡಸರು ಊರೂರು ಸುತ್ತುತ್ತಾರೆ. ಬೆಳಗಿನ ತಿಂಡಿ ತಾನಾಗಿ ಮೇಜಿನ ಮೇಲೆ ಬರುತ್ತದೆ. ಇದು ಕೊರತೆಯೇ, ಸಮರ್ಥನೆ ಮಾಡುವುದಿಲ್ಲ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಎಂಬ ಮುದುಕಿ ಇದ್ದಾಳೆ, ಉಲ್ಲನ್ ಹೆಣೆಯುತ್ತಾ ಕೂತಲ್ಲೇ ಕೊಲೆಗಾರರನ್ನು ಹಿಡಿಯುತ್ತಾಳೆ, ಇನ್ನೆರಡು ಮೂರು ವರ್ಷ ಹೋಗಲಿ ಓದೋಣ ಅಂದೆ. “ಅವಳೂ ಅವರೆಕಾಯಿ ಸುಲೀತಾಳಾ?” ಎಂದು ಕೇಳಿದಳು.

ಇಷ್ಟೆಲ್ಲದರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮುಕುಲ್. ಮೊದಲ ಸಲ ಓದಿದಾಗ ಕಳ್ಳರ ಹಿಂದೆ ಓಡುವ ಭರದಲ್ಲಿ ಅವನನ್ನು ಗಮನಿಸಿರಲಿಲ್ಲ. ಅವನು ಹೆಚ್ಚು ಮಾತಾಡುವುದಿಲ್ಲ, ನಗುವುದೂ ಅಪರೂಪ. ಅವನ ಒಂದು ಮಾತನ್ನು ಹಿಡಿದುಕೊಂಡು ಅಪ್ಪನಿಗೆ ಚಿಂತೆ, ಡಾಕ್ಟರಿಗೆ ಸಂಶೋಧನೆ, ಪೇಪರಿಗೆ ಸುದ್ದಿ, ಕಳ್ಳರಿಗೆ ನಿಧಿ. ಅವನಿಗೆ ಬೇಕಾಗಿದ್ದದ್ದು ನಿಧಿಯಲ್ಲ. ತನ್ನದೆಂದುಕೊಂಡ ಮನೆಯನ್ನು ಒಮ್ಮೆ ನೋಡುವುದು.

“ಪೇಪರಲ್ಲಿ ಯಾಕೆ ಹಾಕಿದ್ರು?” ಎಂದು ಪುಟ್ಟಿ ಸಿಟ್ಟಿನಿಂದ ಕೇಳಿದಳು. ಅವಳ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಐದು ವರ್ಷದವಳಿದ್ದಾಗ ಅವಳು ನಮ್ಮ ಹಿತ್ತಲ ಬಾವಿಯೊಳಗೆ ಒಂದು ಊರಿದೆ, ಅಲ್ಲಿ ತನಗೊಬ್ಬ ತಮ್ಮನಿದ್ದಾನೆ ಎಂದು ಕಥೆ ಹೇಳುತ್ತಿದ್ದಳು. ಕಣ್ಣರಳಿಸಿ ಹೇಳುವುದು ನೋಡಲು ಚೆಂದವಿತ್ತು. ಅವಳಪ್ಪ ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರ ಗುಂಪಿಗೆ ಕಳಿಸಿದ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಮದುವೆ ಮುಂಜಿಗೆ ಹೋದರೆ ಸಾಕು, ಗುರುತಿಲ್ಲದವರೂ “ಏನಮ್ಮಾ, ನಿನ್ನ ಬಾವಿಯ ತಮ್ಮ ಚೆನ್ನಾಗಿದ್ದಾನಾ?” ಎಂದು ಕೇಳಿ ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಮಗು ಕಥೆ ಹೇಳುವುದನ್ನೇ ಬಿಟ್ಟಿತು. ಆರು ವರ್ಷವಾಯಿತು, ನಾವ್ಯಾರೂ ಆ ಬಾವಿಯ ಸುದ್ದಿ ಎತ್ತುವುದಿಲ್ಲ.

ಫೆಲುದಾ ಮುಕುಲನ ಮಾತನ್ನು ನಂಬಿದನೇ? ಇಲ್ಲ. ತಳ್ಳಿಹಾಕಿದನೇ? ಅದೂ ಇಲ್ಲ. ಸಾಕ್ಷಿಯಿಲ್ಲದೆ ನಂಬುವುದು ಹೇಗೆ ದಡ್ಡತನವೋ, ಸಾಕ್ಷಿಯಿಲ್ಲದೆ ಸುಳ್ಳೆನ್ನುವುದೂ ಹಾಗೇ ಎನ್ನುವ ಮನುಷ್ಯ ಅವನು. ಪುನರ್ಜನ್ಮ ಇದೆಯೋ ಇಲ್ಲವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಒಬ್ಬ ದೊಡ್ಡವನು ಒಂದು ಮಗುವಿನ ಮಾತನ್ನು ಗೇಲಿ ಮಾಡದೆ, ಮುದ್ದೂ ಮಾಡದೆ, ಒಂದು ಹೇಳಿಕೆಯೆಂದು ಗಂಭೀರವಾಗಿ ಕೇಳಿಸಿಕೊಳ್ಳುವುದಿದೆಯಲ್ಲ, ಅದು ನನಗೆ ಅವನ ರಿವಾಲ್ವರಿಗಿಂತ ದೊಡ್ಡ ಆಯುಧವಾಗಿ ಕಂಡಿತು. ಪುಟ್ಟಿಗೂ ಕಂಡಿರಬೇಕು. ಪುಸ್ತಕದಿಂದ ತಲೆಯೆತ್ತದೆ, “ಅವನು ನಗಲಿಲ್ಲ ಅಲ್ವಾ ಅಜ್ಜೀ” ಅಂದಳು. ನಾನು ಹೌದೆಂದೆ. ಸ್ವಲ್ಪ ಹೊತ್ತಾದ ಮೇಲೆ, “ಬಾವಿಯೊಳಗಿನ ಊರಲ್ಲಿ ರೈಲೂ ಇತ್ತು, ನಾನು ಅದನ್ನ ಯಾರಿಗೂ ಹೇಳಿರ್ಲಿಲ್ಲ” ಅಂದಳು. ನಾನು ಯಾವ ಕಡೆಯಿಂದ ಯಾವ ಕಡೆಗೆ ಹೋಗುವ ರೈಲು ಎಂದು ಕೇಳಿದೆ. ಅಂದು ಕಾದಂಬರಿ ಮುಂದೆ ಸಾಗಲಿಲ್ಲ. ರೈಲಿನ ವಿವರವನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಇಷ್ಟನ್ನು ಬರೆಯುವುದಕ್ಕೂ ಅವಳ ಒಪ್ಪಿಗೆ ಕೇಳಿದ್ದೇನೆ.

ಚಿನ್ನದ ಕೋಟೆ ಮಾತ್ರ ನಿಜಕ್ಕೂ ಇದೆ. ಜೈಸಲ್ಮೇರಿನ ಕೋಟೆ, 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು. ಹಳದಿ ಮರಳುಗಲ್ಲಿನ ಗೋಡೆಗಳು, ಬಿಸಿಲು ಬಿದ್ದಾಗ ಬಂಗಾರದ ಹಾಗೆಯೇ ಹೊಳೆಯುತ್ತವೆ. ಬೇರೆ ಕೋಟೆಗಳ ಹಾಗೆ ಹಾಳು ಬಿದ್ದಿಲ್ಲ. ಇವತ್ತಿಗೂ ಒಳಗೆ ಜನ ಮನೆ ಮಾಡಿಕೊಂಡಿದ್ದಾರೆ, ಅಂಗಡಿಗಳಿವೆ, ಬಟ್ಟೆ ಒಣಹಾಕಿರುತ್ತಾರೆ. 2013ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈ ಪುಸ್ತಕ ಮತ್ತು ಸಿನಿಮಾ ಬಂದ ಮೇಲೆ ಬಂಗಾಳದಿಂದ ಅದನ್ನು ನೋಡಲು ಹೋಗುವವರ ಸಾಲೇ ಶುರುವಾಯಿತು. ಮುಕುಲ್ ಅಲ್ಲಿಗೆ ತಲುಪಿದನೇ, ತಲುಪಿ ಏನು ಕಂಡ ಎನ್ನುವುದಕ್ಕೆ ಪುಸ್ತಕವನ್ನೇ ತೆರೆಯಬೇಕು. ಪುಟ್ಟಿಯ ಪಟ್ಟಿಯಲ್ಲಿ ಕಳ್ಳನ ಹೆಸರು ಇತ್ತು. ಆದರೆ ಎಂಟನೆಯ ಸಂಜೆ ಅವಳೇ ಅದನ್ನು ಹೊಡೆದುಹಾಕಿಬಿಟ್ಟಿದ್ದಳು. ಕೊನೆಯ ದಿನ ಹಾಳೆಯನ್ನು ಬೆಳಕಿಗೆ ಹಿಡಿದು ಅಡ್ಡಗೆರೆಯ ಹಿಂದಿನ ಹೆಸರನ್ನು ಎಲ್ಲರಿಗೂ ತೋರಿಸಿದಳು.

ಮುಂದಿನದು ‘ಕೈಲಾಸೆ ಕೆಲೆಂಕಾರಿ’, 1973ರದು. ಭುವನೇಶ್ವರದ ದೇವಾಲಯವೊಂದರಿಂದ ಯಕ್ಷಿಯ ಶಿಲ್ಪದ ತಲೆಯನ್ನು ಯಾರೋ ಒಡೆದು ಮಾರಿದ್ದಾರೆ. ಕಳ್ಳರ ಜಾಡು ಹಿಡಿದು ಫೆಲುದಾ, ತೋಪ್ಶೆ, ಜಟಾಯು ಎಲ್ಲೋರಾದ ಕೈಲಾಸ ದೇವಾಲಯಕ್ಕೆ ಹೋಗುತ್ತಾರಂತೆ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಆ ಗುಡಿ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಅದೇ ವಂಶದ ಮುಂದಿನ ದೊರೆಗಳ ರಾಜಧಾನಿ ಮಾನ್ಯಖೇಟ, ಕಲಬುರಗಿ ಜಿಲ್ಲೆಯ ಮಳಖೇಡ. ಇದನ್ನು ನಾನು ಓದಿಲ್ಲ, ಕಳ್ಳ ಯಾರೆಂದು ಗೊತ್ತಿಲ್ಲ. ಮನೆಯವರ ಕೈಗೆ ಪುಸ್ತಕ ಸಿಗದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇವೆ. ಪುಟ್ಟಿ ಈ ಸಲ ಕ್ಯಾಲೆಂಡರಿನ ಎರಡು ಹಾಳೆ ಹರಿದು, ಒಂದನ್ನು ನನ್ನ ಮುಂದೆ ಇಟ್ಟಿದ್ದಾಳೆ.